ಹಲಗೆಯ ಮೇಲಿನ ಗಾಯ

ಕರೆಪ್ಪ ತಾನೇ ಮಾಡಿದ ಹೊಸ ಹಲಗೆ ವಾದ್ಯವನ್ನು ಸೀಳಲು ಕತ್ತಿ ಎತ್ತಿದ. ಹೋದ ತಿಂಗಳು ಸತ್ತ ತನ್ನ ಹೋರಿಯ ಚರ್ಮವನ್ನೇ ಅದಕ್ಕೆ ಬಿಗಿದಿದ್ದ. ಬೆಂಕಿಗೆ ಎಷ್ಟು ಕಾಯಿಸಿದರೂ, ಚರ್ಮದ ನಡುವಿನ ಹಳೆಯ ಗಾಯದ ಗೆರೆಗೆ ಕೋಲು ತಾಗಿದಾಗಲೆಲ್ಲ ದನಿ ಒಡೆದು ನರಳುತ್ತಿತ್ತು. ಹುಕ್ಕೇರಿಯ ಮೇಳದವರು ಕೇಳಿ ನಕ್ಕುಬಿಟ್ಟಿದ್ದರು.

"ಸತ್ತ ಮ್ಯಾಲೂ ನನ್ನ ಮಾನ ಕಳೀತಲ್ಲ ಈ ಹೋರಿ! ಹರದ ಒಗೀತೇನಿ!"

ತಾಯಿ ಉದ್ದವ್ವ ಕತ್ತಿ ಕಿತ್ತುಕೊಂಡಳು. "ಹೋರಿನ್ನ ಯಾಕ ಬೈತಿ? ಹೊಲದಾಗ ಕುಂಟಿ ಎಳೀಲಿಲ್ಲಂತ ಬಾರಕೋಲಿನ ಮೊಳೀಲೆ ಅದರ ಡುಬ್ಬ ಸೀಳಿದವ ನೀನ! ಅವತ್ತ ಅದು ನರಳಿದ್ದು ನಿನಗ ಕೇಳಲಿಲ್ಲ. ಈಗರ ಕೇಳು, ಬಾರ್ಸು!"

ಹಲ್ಲು ಕಚ್ಚಿಕೊಂಡು ಕೋಲೆತ್ತಿದ ಕರೆಪ್ಪ, ಸರಿಯಾಗಿ ಆ ಗೆರೆಯ ಮೇಲೆಯೇ, ಮೆಲ್ಲಗೆ ಬಾರಿಸಿದ.