ಪ್ರಬಂಧದ ಮೊದಲ ಸಾಲು

ಇನ್ನೊಬ್ಬರ ನೋವನ್ನು ನಾವು ನಿಜಕ್ಕೂ ತಿಳಿಯಬಲ್ಲೆವೇ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಪ್ರೊಫೆಸರರು ತಲೆ ನರೆಸಿಕೊಂಡಿದ್ದರು. ಹೆಸರು ಬಂದದ್ದು ಮಾತ್ರ ಕಳೆದ ವರ್ಷ ಬರೆದ ಪ್ರಬಂಧದಿಂದ. ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರ ಕುರ್ಚಿಯೂ ಅದರಿಂದಲೇ ಸಿಕ್ಕಿತ್ತು. ಅದರ ಮೊದಲ ಸಾಲಿನಲ್ಲಿ, ಎಡಪಕ್ಕೆಯನ್ನು ಒತ್ತಿ ಹಿಡಿದು ಅಡಿಗೆಕಟ್ಟೆಗೆ ಒರಗಿ ನಿಂತ ಹೆಂಗಸೊಬ್ಬಳು ಬರುತ್ತಾಳೆ. ಎಂಥ ಜೀವಂತ ಉದಾಹರಣೆ ಎಂದು ಓದಿದವರೆಲ್ಲ ಮೆಚ್ಚಿದ್ದರು.

ಈಗ ಅವರು ಹೆಂಡತಿಯೊಂದಿಗೆ ಡಾಕ್ಟರ ಎದುರು ಕುಳಿತಿದ್ದರು.

"ಗಡ್ಡೆ ಎಲ್ಲಾ ಕಡೆ ಹರಡಿಬಿಟ್ಟಿದೆ ಸರ್. ಹೋದ ವರ್ಷವೇ ಬಂದಿದ್ರೆ ಆಪರೇಷನ್ ಮಾಡಬಹುದಿತ್ತು. ಆಗ ನೋವು ಇರಲಿಲ್ವಾ?"

"ನನಗೆ ಹೇಗೆ ಗೊತ್ತಾಗಬೇಕು ಡಾಕ್ಟ್ರೇ? ಇವಳು ಬಾಯಿ ಬಿಟ್ಟವಳೇ ಅಲ್ಲ."

ಡಾಕ್ಟರು ತಲೆ ತಗ್ಗಿಸಿ ಚೀಟಿ ಬರೆಯತೊಡಗಿದರು. ಪ್ರೊಫೆಸರರು ಹೆಂಡತಿಯತ್ತ ತಿರುಗಿದರು.

"ಒಂದು ಮಾತು ಹೇಳಬಾರದಿತ್ತಾ, ವಾರಿಜಾ?"

"ಹೇಳಿದ್ದೆನಲ್ಲಾ, ಅಡಿಗೆಕಟ್ಟೆ ಹಿಡ್ಕೊಂಡು ನಿಂತು. ಹಾಗೇ ಇರು, ಅಲ್ಲಾಡಬೇಡ ಅಂತ ಹೇಳಿ ನೀವು ಪೆನ್ನು ತರೋಕೆ ಹೋದ್ರಿ."