ಚಳಿ ಕಡಿಮೆ ಇರುವ ಊರು

ಮಧ್ಯಾಹ್ನ ಮೂರೂವರೆಗೆ ಹಬೀಬ್ ಎರಡು ಎಕ್ಸ್‌ರೇ ಫಿಲ್ಮುಗಳ ಮೂಲೆ ಕತ್ತರಿಸಿದ. ಒಂದರ ಮೂಲೆಯಲ್ಲಿ ಅವನ ಹೆಸರಿತ್ತು, ಇನ್ನೊಂದರಲ್ಲಿ ಹೆಂಡತಿ ಲತೀಫಾಳದು. ಹೆಸರಿನ ಚೂರುಗಳನ್ನು ಹುಮನಾಬಾದಿನ ದವಾಖಾನೆಯ ಹಿಂದಿನ ಚರಂಡಿಗೆ ಎಸೆದು ಕತ್ತರಿಯನ್ನು ಜೇಬಿಗಿಳಿಸಿದ. ಗಾದಿ ಹೊಲಿಯುವವನ ಜೇಬಿನಲ್ಲಿ ಕತ್ತರಿ ಇದ್ದರೆ ಯಾರೂ ಅನುಮಾನಪಡುವುದಿಲ್ಲ.

ಅರ್ಧ ಗಂಟೆ ಮೊದಲು ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದಿದ್ದರು. ಹೆಂಗಸಿನ ಕಾಯಿಲೆಯನ್ನು ಗಂಡನಿಗೆ ಹೇಳುವುದು ಅಲ್ಲಿನ ವಾಡಿಕೆ. ಇಪ್ಪತ್ತೆರಡು ವರ್ಷ ಪಿಂಜುವ ಮಶೀನಿಗೆ ಹತ್ತಿ ಒಡ್ಡಿದ ಲತೀಫಾಳ ಶ್ವಾಸಕೋಶ ಗಟ್ಟಿಯಾಗುತ್ತ ನಡೆದಿತ್ತು. ಗುಣವಾಗುವ ಮಾತಿಲ್ಲ. ಧೂಳಿಲ್ಲದ, ಚಳಿ ಕಡಿಮೆ ಇರುವ ಸಣ್ಣ ಗುಡ್ಡದ ಊರಿಗೆ ಹೋದರೆ ಸ್ವಲ್ಪ ಕಾಲ ಹೆಚ್ಚು ಸಿಗಬಹುದು.

"ಚಳಿ ಬೀಳೋದ್ರೊಳಗ ಹೋಗ್ರಿ," ಎಂದಿದ್ದರು ಡಾಕ್ಟರು.

ತನ್ನ ಸಲುವಾಗಿ ಎಂದರೆ ಲತೀಫಾ ಬಸವಕಲ್ಯಾಣ ಬಿಡುವವಳಲ್ಲ. ಹೊಟ್ಟೆಯ ಕಲ್ಲು ತೆಗೆಸಲು ಬೀದರಿಗೆ ಕರೆದರೆ ಮೂರು ಸಲ ತಾರೀಖು ತಪ್ಪಿಸಿದ್ದಳು. ಈ ಎಕ್ಸ್‌ರೇಗೂ "ನೀವು ತೆಗಿಸ್ಕೊಂಡ್ರ ನಾನೂ ತೆಗಿಸ್ಕೋತೀನಿ" ಎಂದು ಹಟ ಹಿಡಿದಿದ್ದಳು. ಒಳಗೆ ಹೋದ ಮೇಲೂ ರಗಳೆ. ಮೈಮೇಲಿನ ಒಡವೆಯೆಲ್ಲ ತೆಗೆಯಿರಿ ಎಂದಾಗ ಕಿವಿಯದು ತೆಗೆದಳು, ಕೊರಳಿನ ಕಾಳಿಪೋತ ಮುಟ್ಟಗೊಡಲಿಲ್ಲ.

"ನಮ್ಮವರು ಹೊರಗ ಜೀವಂತ ಕುಂತಾರ್ರಿ. ಅದನ್ನ ಹ್ಯಾಂಗ ತೆಗೀಲಿ?"

ಕರಿಮಣಿಗಳ ನಡುವೆ ಬಂಗಾರದ ಗುಂಡು ಪೋಣಿಸಿದ ಆ ಸರವನ್ನು ಮೇಲಕ್ಕೆ ಸರಿಸಿ ಹೇಗೋ ಕೆಲಸ ಮುಗಿಸಿದ್ದರು.

ಬೆಂಚಿನ ಮೇಲೆ ಕುಳಿತಿದ್ದವಳ ಎದುರು ಹಬೀಬ್ ಅವಳದೇ ಫಿಲ್ಮನ್ನು ಬೆಳಕಿಗೆ ಹಿಡಿದ.

"ಇದು ನಂದು. ನನ್ನ ಎದಿ ಖರಾಬ್ ಆಗ್ಯದ ಅಂತ. ನಿಂದೇನೂ ಇಲ್ಲ."

ಲತೀಫಾ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿತು.

"ನಿಮ್ಮದೇ ಏನ್ರಿ?"

"ನಂದೇ."

"ಹಂಗಾದ್ರ ಊರು ನಾ ಹುಡುಕ್ತೀನಿ."

ಅಣ್ಣನ ಮಗಳಿಂದ ಗುಡ್ಡದ ಊರುಗಳ ಬಾಡಿಗೆ ಮನೆಯವರ ನಂಬರು ತರಿಸಿಕೊಂಡು ಫೋನಿನಲ್ಲಿ ತಾನೇ ಮಾತಾಡಿದಳು. ಮಹಾಬಳೇಶ್ವರ ಕೈಗೆಟುಕಲಿಲ್ಲ. ಚಿಖಲದರಾದಲ್ಲಿ ಬಾಡಿಗೆ ಅಗ್ಗವಿತ್ತು, ಆದರೆ ಜನವರಿ ಕೊರೆಯುತ್ತದೆ ಎಂದರು.

"ಬ್ಯಾಡ. ಎರಡು ರಜಾಯಿ ಹೊದ್ರೂ ನೀವು ನಡುಗ್ತೀರಿ."

ಹಬೀಬ್ ಒಳಗೊಳಗೇ ಸಮಾಧಾನಪಟ್ಟ. ಅವನ ಹೆಸರಿನಲ್ಲಿ ಅವಳಿಗೆ ಬೇಕಾದುದು ಸಿಗುತ್ತಿತ್ತು. ಆದರೆ ಅವಳ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ. ಮಸೀದಿ ಎಷ್ಟು ದೂರ? ಊಟದ ಡಬ್ಬಿ ಕೊಡುವವರು ಇದ್ದಾರೆಯೇ? ಊರಲ್ಲಿ ಗಾದಿ ತುಂಬುವವರು ಯಾರಾದರೂ?

"ನನಗ ಹತ್ತಿ ಮುಟ್ಟಬ್ಯಾಡ ಅಂದಾರ. ಅದನ್ನ್ಯಾಕ ಕೇಳಾಕತ್ತೀ?"

"ಸುಮ್ಮನ ಕೇಳಿದೆ. ಅಲ್ಲಿ ಮಲಗಾಕ ಗಾದಿ ಬೇಕಲ್ರಿ."

ಅವನು ತಾಕತ್ತಿನವು ಎಂದು ಕೊಟ್ಟ ಗುಳಿಗೆಗಳನ್ನು ನುಂಗಿದಳು. ಏದುಸಿರು ಬಂದರೆ ಅವನ ಚಿಂತೆಯಿಂದ ಎಂದಳು. ಆ ನೆಪದಲ್ಲೇ ಅವನಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಮೊದಲ ವಾರ ಅವನ ರೊಟ್ಟಿ ನೋಡಿ ನಕ್ಕು ನಕ್ಕು ಕೆಮ್ಮಿದಳು.

ಅವರ ಪಿಂಜುವ ಮಶೀನು ಕೊಂಡ ಪಕ್ಕದಂಗಡಿಯ ವೀರಭದ್ರನಿಂದ ಒಮ್ಮೆ ಎಲ್ಲ ಕೆಡುವುದರಲ್ಲಿತ್ತು. ಹಬೀಬ್ ಮಶೀನಿನ ಒಂದು ಬದಿಯನ್ನು ಒಬ್ಬನೇ ಎತ್ತಿ ಗಾಡಿಗೆ ಏರಿಸಿದ್ದ.

"ಏನ್ ಹಬೀಬ್‌ಭಾಯ್, ಎದಿ ಖರಾಬ್ ಆದಂವ ಹಿಂಗ ಎತ್ತಾಕತ್ತೀ! ಇಂಥಾ ರೋಗ ನನಗೂ ಕೊಡ್ಸಪಾ."

ಹಬೀಬ್ ಗಾಡಿಯ ಹಗ್ಗ ಬಿಗಿಯತೊಡಗಿದ.

"ಗುಳಿಗಿ ಹಂಗ ಅದಾವ್ರಿ ಅಣ್ಣಾ," ಎಂದಳು ಲತೀಫಾ ಥಟ್ಟನೆ. "ತಗೊಂಡ್ರ ಒಂದು ತಾಸು ತಾಕತ್ ಇರ್ತದ."

ಆಗ ಹಬೀಬನಿಗೆ ಕೆಮ್ಮುವುದು ನೆನಪಾಯಿತು.

ಕೊನೆಗೆ ಆಯ್ಕೆಯಾದದ್ದು ಮಹಾರಾಷ್ಟ್ರದ ಜವ್ಹಾರ. ಎತ್ತರ ಹೆಚ್ಚಿಲ್ಲ, ಚಳಿ ಹಗುರ. ಹುಮನಾಬಾದಿನ ಹತ್ತಿರದ ಹಳ್ಳಿಖೇಡದಿಂದ ಆ ಊರಿಗೆ ಮದುವೆಯಾಗಿ ಹೋಗಿದ್ದ ದ್ರೌಪತಿಬಾಯಿಯ ಹಿತ್ತಲಲ್ಲಿ ಒಂದು ಕೋಣೆ ಖಾಲಿಯಿತ್ತು. ಬೇಸಿಗೆಯಲ್ಲಿ ನೀರು ಕೊಂಡು ತರಬೇಕಾಗಿದ್ದರಿಂದ ಅವಳು ತಲೆ ಎಣಿಸಿ ಬಾಡಿಗೆ ಹಿಡಿಯುತ್ತಿದ್ದಳು. ಲತೀಫಾ ಗೊತ್ತುಮಾಡಿದ ಬಾಡಿಗೆ ಕೇಳಿ ಹಬೀಬ್ ಬೆರಗಾದ. ಇಷ್ಟು ಕಡಿಮೆಗೆ ಹೇಗೆ ಒಪ್ಪಿಸಿದೆ ಎಂದು ಕೇಳಿದ.

"ನಮ್ಮ ಕಡಿ ಹೆಣ್ಣುಮಗಳಲ್ರಿ," ಎಂದಳು ಅವಳು.

ಅಕ್ಟೋಬರಿನಲ್ಲಿ ಹೋದರು. ಹೇಳಿದಂತೆ ಚಳಿ ಹಗುರವಾಗಿತ್ತು. ಡಿಸೆಂಬರಿನಲ್ಲಿ ಲತೀಫಾ ಅಂಗಳದ ತನಕ ನಡೆಯುತ್ತಿದ್ದಳು, ಜನವರಿಯಲ್ಲಿ ಬಾಗಿಲ ತನಕ. ಫೆಬ್ರವರಿ ಒಂಬತ್ತರ ಬೆಳಿಗ್ಗೆ ಅವನ ಕೈ ಹಿಡಿದುಕೊಂಡು ಕೇಳಿದಳು:

"ನಿಮ್ಮ ಕೆಮ್ಮು ಹ್ಯಾಂಗದರಿ?"

"ಕಡಿಮಿ ಆಗ್ಯದ."

"ಪೂರಾ ಹೋಗ್ತದ, ನೋಡ್ರಿ."

ಹತ್ತು ಗಂಟೆಗೆ ಉಸಿರು ನಿಂತಿತು. ಅವಳನ್ನು ಅದೇ ಊರಿನಲ್ಲಿ ಮಣ್ಣು ಮಾಡಿದರು. ಹಬೀಬನಿಗೆ ಉಳಿದ ಸಮಾಧಾನ ಒಂದೇ: ತನ್ನ ಕಾಯಿಲೆ ಏನೆಂದು ತಿಳಿಯದೆ ಹೋದಳು.

ಮಾರ್ಚ್ ಒಂದರಂದು ಅವನು ದ್ರೌಪತಿಬಾಯಿಯ ಬಾಗಿಲಿಗೆ ಹೋದ.

"ಬಾಯಿ, ಇನ್ನ ನಾ ಒಬ್ಬನೇ. ಬಾಡಿಗಿ ಎಷ್ಟು ಆಗ್ತದ ಹೇಳ್ರಿ."

ದ್ರೌಪತಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮದು ಮೊದಲಿಂದಲೂ ಒಬ್ಬರ ಬಾಡಿಗೀನೇ ಅದ ಅಲ್ರಿ ಹಬೀಬಣ್ಣಾ. ಫೋನ್‌ನ್ಯಾಗೇ ಲತೀಫಾ ಹೇಳಿದ್ಲು. 'ಇರೋರು ನಮ್ಮವರೊಬ್ಬರೇ, ನಾ ಒಂದು ಚಳಿಗಾಲದ ಮಟ್ಟಿಗೆ ಬರ್ತೀನಿ, ನನ್ನ ತಲಿ ಎಣಿಸಬ್ಯಾಡ ಅಕ್ಕಾ' ಅಂದ್ಲು."

ಹಬೀಬ್ ಕೋಣೆಗೆ ಬಂದು ಟ್ರಂಕು ತೆರೆದ. ತನ್ನದೆಂದು ಹೇಳಿದ್ದ ಫಿಲ್ಮನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಅವನು ಕತ್ತರಿಸಿದ ಮೂಲೆಯ ಪಕ್ಕದಲ್ಲೇ, ಕೊರಳ ಬುಡದ ಸುತ್ತ, ಕಾಳಿಪೋತದ ಗುಂಡುಗಳು ಒಂದೊಂದಾಗಿ ಬೆಳ್ಳಗೆ ಮೂಡಿದ್ದವು.