ಮುಟ್ಟಿದ ರಾಣಿ

ಮಧ್ಯಾಹ್ನ ಮೂರೂಕಾಲಿಗೆ ಟೋಕಿಯೋದ ಶಿನಾಗಾವಾದಲ್ಲಿ ಚೆಸ್ ಪಂದ್ಯದ ಸಭಾಂಗಣ ನಡುಗಿತು. 2011ರ ದೊಡ್ಡ ಭೂಕಂಪದ ಮರುವರ್ಷ ಅದು. ಉರುಳಲಿದ್ದ ತಮ್ಮ ರಾಣಿಯನ್ನು ಡಚ್ ಚೆಸ್ ಗ್ರ್ಯಾಂಡ್‌ಮಾಸ್ಟರ್ ವೆರ್ಮಾಸ್ ತಟ್ಟನೆ ಹಿಡಿದುಕೊಂಡರು. ನಿವೃತ್ತಿಗೆ ಮುಂಚಿನ ಕೊನೆಯ ಆಟ. ರಾಣಿ ಅಲ್ಲೇ ನಿಂತಿದ್ದರೆ ಗೆಲುವು ಅವರದೇ.

ನಡುಕ ನಿಂತಿತು. ಬೆರಳು ಮಾತ್ರ ರಾಣಿಯ ಮೇಲೇ ಇತ್ತು. ಮುಟ್ಟಿದ ಕಾಯಿ ನಡೆಸಲೇಬೇಕು, ನೆಪ ಹೇಳಬಾರದು ಎಂದು ಪತ್ರಿಕೆಯ ತಮ್ಮ ಅಂಕಣದಲ್ಲಿ ಎಷ್ಟೋ ಆಟಗಾರರನ್ನು ಗೇಲಿ ಮಾಡಿದವರು ಅವರು.

"ಬಿಡಿ ಸರ್, ಭೂಕಂಪಕ್ಕೆಲ್ಲ ನಿಯಮದಲ್ಲಿ ವಿನಾಯಿತಿ ಇದೆ," ಎಂದಳು ಎದುರಾಳಿ, ಅಲ್ಲಿ ಸಂಶೋಧಕಿಯಾಗಿದ್ದ ಕನ್ನಡತಿ ವಸುಧಾ. "ನಿಮ್ಮ ಅಂಕಣ ನಾನು ಓದೇ ಇಲ್ಲ ಅಂದ್ಕೊಳ್ಳಿ."

"ನಿಯಮದಲ್ಲಿದೆ. ನನ್ನ ಅಂಕಣದಲ್ಲಿಲ್ಲ, ವಸುಧಾ ಸಾನ್," ಎಂದು ವೆರ್ಮಾಸ್ ಜಪಾನೀಯರ ಗೌರವದ 'ಸಾನ್' ಸೇರಿಸಿ ಹೇಳಿದರು.

ಅವರು ರಾಣಿಯನ್ನು ನಡೆಸಿದರು, ಸೋತರು. ಮುಂದಿನ ಶನಿವಾರದ ಅಂಕಣದಲ್ಲಿ ಆಟ ಪೂರ್ತಿ ಅಚ್ಚಾಯಿತು. ಭೂಕಂಪದ ಬಗ್ಗೆ ಒಂದಕ್ಷರವೂ ಇರಲಿಲ್ಲ.